ಮೀನು ಮೈ ತುಂಬುವುದು ಹೇಗೆ?

ಕರುವಿನ ಸ್ನಾಯು ಎಳೆಗಳ ಸಂಖ್ಯೆ ಹುಟ್ಟುವಾಗಲೇ ಬಹುಮಟ್ಟಿಗೆ ನಿಗದಿಯಾಗಿರುತ್ತದೆ. ಮುಂದೆ ಅವು ದಪ್ಪವಾಗುತ್ತವೆ, ಅಷ್ಟೆ. ದೊಡ್ಡದಾಗಿ ಬೆಳೆಯುವ ಮೀನುಗಳಲ್ಲಿ ಹಾಗಲ್ಲ. ಮೊಟ್ಟೆಯೊಡೆದ ಬಳಿಕವೂ ಹೊಸ ಎಳೆಗಳು ಸೇರುತ್ತವೆ. ಈ ಬೆಳವಣಿಗೆಗೆ ಮಯೋಸ್ಟಾಟಿನ್ ಎಂಬ ಸಸಾರಜನಕವು ಕಡಿವಾಣ ಹಾಕುತ್ತದೆ. ಅದರ ವಂಶವಾಹಿಯನ್ನು ನಿಷ್ಕ್ರಿಯಗೊಳಿಸಿ, ಹೆಚ್ಚು ಮಾಂಸ ಕಟ್ಟುವಂತೆ ಮಾಡಿದ 'ಮದಾಯ್' ಎಂಬ ಸಮುದ್ರ ಮೀನು 2021ರಲ್ಲಿ ಜಪಾನಿನಲ್ಲಿ ಮಾರಾಟಕ್ಕೆ ಬಂದಿತು.

ಬೈಲಹೊಂಗಲ, ಕಿತ್ತೂರು, ಸವದತ್ತಿ, ರಾಮದುರ್ಗ ತಾಲೂಕುಗಳ ಕೃಷಿ ಹೊಂಡಗಳಲ್ಲಿ ಸಾಕಬಹುದಾದ ಕಟ್ಲಾ, ರೋಹು, ಸಾಮಾನ್ಯ ಗೆಂಡೆಗಳಿಗೂ ಇದೇ ಕಡಿವಾಣವಿದೆ. ಅದನ್ನು ತೆಗೆಯುವುದು ರೈತರ ಕೈಯಲ್ಲಿಲ್ಲ. ಮೇವು, ನೀರು ಕೈಯಲ್ಲಿವೆ. ಮೀನು ಹಸಿದರೆ, ನೀರಿನಲ್ಲಿ ಆಮ್ಲಜನಕ ಕಡಿಮೆಯಾದರೆ ಬೆಳವಣಿಗೆ ಕುಂಠಿತವಾಗುತ್ತದೆ. ಆದ್ದರಿಂದ ಶೇಂಗಾ ಹಿಂಡಿ, ಅಕ್ಕಿ ತೌಡು ಸಮಪಾಲು ಬೆರೆಸಿ, ಮೀನುಗಳ ಒಟ್ಟು ತೂಕದ ಶೇ. 2ರಿಂದ 3ರಷ್ಟನ್ನು ದಿನವೂ ಕೊಡಬೇಕು. ನಸುಕಿನಲ್ಲಿ ಮೀನುಗಳು ಮೇಲೆ ಬಂದು ಬಾಯಿ ಬಿಡುತ್ತಿದ್ದರೆ ಅಂದು ಮೇವು ನಿಲ್ಲಿಸಿ, ಹೊಸ ನೀರು ಹಾಯಿಸಿರಿ.