ನಗರಸಭೆಯ ಉಮೇದುವಾರರು ಮೊದಲು ಹೇಳಬೇಕಾದುದೇನು?



ತೆಂಗಿನ ಸೀಮೆಯೆಂದು ಹೆಸರಾದ ನಮ್ಮ ಭಾಗದಲ್ಲಿ ತಿಪಟೂರಿಗೆ ನಗರಸಭೆಯೂ, ಚಿಕ್ಕನಾಯಕನಹಳ್ಳಿಗೆ ಪುರಸಭೆಯೂ, ತುರುವೇಕೆರೆಗೆ ಪಟ್ಟಣ ಪಂಚಾಯಿತಿಯೂ ಇರುವುವಷ್ಟೆ. ಚುನಾವಣೆ ಸಮೀಪಿಸಿತೆಂದರೆ ಈ ಮೂರು ಊರುಗಳಲ್ಲಿಯೂ ಉಮೇದುವಾರರು ಮನೆಬಾಗಿಲಿಗೆ ಬಂದು, ರಸ್ತೆ, ದೀಪ, ನೀರು, ಉದ್ಯಾನ, ಕೊಬ್ಬರಿಗೆ ಒಳ್ಳೆಯ ಬೆಲೆ ಎಲ್ಲವನ್ನೂ ಒಂದೇ ಉಸಿರಿನಲ್ಲಿ ವಾಗ್ದಾನಮಾಡುತ್ತಾರೆ. ಇವುಗಳಲ್ಲಿ ಯಾವುದು ಮೊದಲು, ಯಾವುದು ಆಮೇಲೆ, ಅದಕ್ಕೆ ಹಣವೆಲ್ಲಿಯದು ಎಂಬುದನ್ನು ಹೇಳುವವರು ವಿರಳ. ಈ ಹೊತ್ತು ಆ ವರಸೆಯನ್ನೇ ತಿಪಟೂರನ್ನು ಉದಾಹರಣೆಯಾಗಿಟ್ಟುಕೊಂಡು ವಿಚಾರಮಾಡೋಣ.

ಮೊದಲು ಅಧಿಕಾರದ ಮಾತು. ಕೊಬ್ಬರಿಯ ಬೆಂಬಲ ಬೆಲೆಯನ್ನು ಗೊತ್ತುಮಾಡತಕ್ಕದ್ದು ಕೇಂದ್ರ ಸರ್ಕಾರ. 2024ರ ಹಂಗಾಮಿಗೆ ಉಂಡೆ ಕೊಬ್ಬರಿಗೆ ಕ್ವಿಂಟಾಲಿಗೆ 12,000 ರೂಪಾಯಿಗಳನ್ನೂ, 2025ರ ಹಂಗಾಮಿಗೆ 12,100 ರೂಪಾಯಿಗಳನ್ನೂ ಗೊತ್ತುಮಾಡಿದುದು ಅದೇ. ನಗರಸಭೆಯ ಸದಸ್ಯರಿಗೆ ಈ ವಿಷಯದಲ್ಲಿ ಯಾವ ಅಧಿಕಾರವೂ ಇಲ್ಲ. ಕುಡಿಯುವ ನೀರು, ಚರಂಡಿ, ಕಸ, ಬೀದಿದೀಪ, ಊರೊಳಗಿನ ರಸ್ತೆ, ಸ್ಮಶಾನ ಮೊದಲಾದುವು 1964ರ ಕರ್ನಾಟಕ ಪುರಸಭೆಗಳ ಕಾಯಿದೆಯ ಮೇರೆಗೆ ಪೌರಸಂಸ್ಥೆಯ ಹೊಣೆ. 1993ರ ಜೂನ್ 1ರಿಂದ ಜಾರಿಗೆ ಬಂದ ಸಂವಿಧಾನದ 74ನೆಯ ತಿದ್ದುಪಡಿ ಇಂತಹ 18 ವಿಷಯಗಳ ಪಟ್ಟಿಯನ್ನೇ ಕೊಟ್ಟಿದೆ. ತಮ್ಮ ಕೈಯಲ್ಲಿಲ್ಲದ ಕೆಲಸವನ್ನು ವಾಗ್ದಾನಮಾಡುವವರು ಕೈಯಲ್ಲಿರುವ ಕೆಲಸದ ಲೆಕ್ಕವನ್ನು ತಪ್ಪಿಸಿಕೊಳ್ಳುತ್ತಾರೆ.

ವರಸೆಯಲ್ಲಿ ಮೊದಲನೆಯದು ನೀರು. ಹೇಮಾವತಿಯ ನಾಲೆಯಿಂದ ತುಂಬುವ ಈಚನೂರು ಕೆರೆ ತಿಪಟೂರಿನ ಕುಡಿಯುವ ನೀರಿಗೆ ಆಸರೆ. ನಾಲೆಯಲ್ಲಿ ವರ್ಷವಿಡೀ ನೀರು ಹರಿಯದು. ಹರಿದ ದಿನಗಳಲ್ಲಿ ಕೂಡಿಟ್ಟುದನ್ನೇ ಬೇಸಗೆಯವರೆಗೆ ಒದಗಿಸಬೇಕು. 2011ರ ಜನಗಣತಿಯಲ್ಲಿ ಊರಿನ ಜನಸಂಖ್ಯೆ ಸುಮಾರು 60 ಸಾವಿರ. ಒಳಚರಂಡಿಯುಳ್ಳ ಪಟ್ಟಣಗಳಿಗೆ ತಲೆಗೆ ದಿನಕ್ಕೆ 135 ಲೀಟರ್ ಎಂಬುದು ಅಂಗೀಕೃತವಾದ ಪ್ರಮಾಣ. ಹೀಗೆ ಗುಣಿಸಿದರೆ ದಿನವೊಂದಕ್ಕೆ 81 ಲಕ್ಷ ಲೀಟರ್ ಬೇಕಾಗುವುದು. ಅದರಲ್ಲಿ ಐದನೆಯ ಒಂದು ಪಾಲು ಹಳೆಯ ಕೊಳವೆಗಳಲ್ಲಿ ಸೋರಿಹೋಯಿತೆಂದು ಭಾವಿಸಿದರೂ, 16 ಲಕ್ಷ ಲೀಟರಿಗೆ ಮೇಲ್ಪಟ್ಟು ಮಣ್ಣುಪಾಲಾದಂತೆಯೇ. ಆದುದರಿಂದ ಹೊಸ ಬಡಾವಣೆಗೆ ಕೊಳವೆ ಎಳೆಯುವುದಕ್ಕೆ ಮುಂಚೆ ಹಳೆಯ ಸೋರಿಕೆಯನ್ನು ಅಳೆದು ಮುಚ್ಚುವುದು, ಕೆರೆಗೆ ಕೊಳಚೆ ಸೇರದಂತೆ ನೋಡಿಕೊಳ್ಳುವುದು ಉಚಿತ.

ಎರಡನೆಯದು ನೈರ್ಮಲ್ಯ. ಇದರಲ್ಲಿ ನಮ್ಮ ಸೀಮೆಗೇ ವಿಶೇಷವಾದ ಒಂದು ಅಂಶವುಂಟು. ತೆಂಗಿನ ಚಿಪ್ಪು, ಎಳನೀರಿನ ಬುರುಡೆಗಳಲ್ಲಿ ಮಳೆಯ ನೀರು ನಿಂತರೆ ಅಂಗೈಯಗಲದ ಆ ತಿಳಿನೀರೇ ಡೆಂಗೆಜ್ವರವನ್ನು ಹರಡುವ ಈಡಿಸ್ ಸೊಳ್ಳೆಗೆ ತೊಟ್ಟಿಲಾಗುವುದು. ಮೊಟ್ಟೆಯು ಸೊಳ್ಳೆಯಾಗಲು ಸುಮಾರು ಏಳರಿಂದ ಹತ್ತು ದಿನ ಸಾಕು. ಚಿಪ್ಪು ಬುರುಡೆಗಳನ್ನು ವಾರಕ್ಕೊಮ್ಮೆಯಾದರೂ ಎತ್ತಿಸದೆ ಬರಿಯ ಹೊಗೆ ಹಾಕಿಸುವುದರಿಂದ ರೋಗ ನಿಲ್ಲದು. 2016ರ ಘನತ್ಯಾಜ್ಯ ನಿಯಮಗಳು ಹಸಿಕಸ, ಒಣಕಸ, ಅಪಾಯಕರ ಕಸಗಳನ್ನು ಮನೆಯಲ್ಲಿಯೇ ಬೇರ್ಪಡಿಸಬೇಕೆಂದು ವಿಧಿಸಿದುವು. ತೆಂಗಿನ ಸೀಮೆಯಲ್ಲಿ ಇವುಗಳ ಜೊತೆಗೆ ಚಿಪ್ಪು, ಮಟ್ಟೆ, ಬುರುಡೆಗಳಿಗೆ ಪ್ರತ್ಯೇಕ ಗಾಡಿಯೂ ಮಳೆ ತಾಕದ ಒಂದು ಕಟ್ಟೆಯೂ ಬೇಕು. ಮಟ್ಟೆ ನಾರಿಗೂ, ಚಿಪ್ಪು ಇದ್ದಿಲಿಗೂ ಆಗುವುದರಿಂದ ಈ ಕಸಕ್ಕೆ ಕೊಳ್ಳುವವರುಂಟು. ಇದನ್ನು ಎತ್ತುವ ಪೌರಕಾರ್ಮಿಕರಿಗೆ ಕೈಚೀಲ, ಪಾದರಕ್ಷೆ, ಸಕಾಲಕ್ಕೆ ಸಂಬಳ ಇವು ದೊರೆಯಬೇಕು. ರಕ್ಷಣೆಯ ಸಾಧನಗಳಿಲ್ಲದೆ ಮನುಷ್ಯರನ್ನು ಮಲಗುಂಡಿಗೆ ಇಳಿಸುವುದನ್ನು 2013ರ ಕಾನೂನು ನಿಷೇಧಿಸಿದೆ.

ಮೂರನೆಯದು ಸಂಚಾರ. ಬೆಂಗಳೂರು–ಹೊನ್ನಾವರ ರಸ್ತೆ ಊರನ್ನು ಹಾಯ್ದುಹೋಗುವುದು. ಕೊಬ್ಬರಿಯ ಹರಾಜಿನ ದಿನ ಸುತ್ತಣ ತಾಲ್ಲೂಕುಗಳ ಗಾಡಿಗಳು ಬಂದು ಸೇರುವುವು. ಕಾಲುದಾರಿಗಳನ್ನು ನಡೆಯುವವರಿಗೆ ಬಿಡಿಸಿಕೊಡಬೇಕು. ಹಾಗೆಂದು ಬೀದಿ ವ್ಯಾಪಾರಿಗಳನ್ನು ಓಡಿಸುವುದೂ ನ್ಯಾಯವಲ್ಲ. 2014ರ ಕಾನೂನಿನಂತೆ ಅವರ ಪ್ರತಿನಿಧಿಗಳೂ ಸೇರಿದ ಸಮಿತಿಯೊಡನೆ ವಿಚಾರಿಸಿ ಅವರಿಗೆ ಸ್ಥಳವನ್ನು ಗೊತ್ತುಮಾಡತಕ್ಕದ್ದು.

ಇಷ್ಟಕ್ಕೂ ಹಣ ಬೇಕು. ಆಸ್ತಿ ತೆರಿಗೆ, ನೀರಿನ ಶುಲ್ಕ, ಮಳಿಗೆಗಳ ಬಾಡಿಗೆ, ಪರವಾನಗಿಯ ಶುಲ್ಕ, ಸರ್ಕಾರದ ಅನುದಾನ ಇವೇ ನಗರಸಭೆಯ ವರಮಾನದ ಮುಖ್ಯ ಮೂಲಗಳು. ತೆರಿಗೆಯನ್ನು ವಸೂಲುಮಾಡುವುದಿಲ್ಲವೆಂದೂ ಕೆಲಸವನ್ನೆಲ್ಲ ಮಾಡುವೆನೆಂದೂ ಒಟ್ಟಿಗೆ ಹೇಳುವ ಉಮೇದುವಾರರ ಲೆಕ್ಕ ಕೂಡಲಾರದು. ಸದಸ್ಯರೊಬ್ಬರೇ ಏನನ್ನೂ ಮಂಜೂರುಮಾಡಲಾರರು; ಏಪ್ರಿಲ್ 1ರಿಂದ ತೊಡಗುವ ವರ್ಷದ ಆಯವ್ಯಯವನ್ನು ಸಭೆಯೇ ಒಪ್ಪಬೇಕು. ತಮ್ಮ ವಾರ್ಡಿನ ಒಂದು ಬೀದಿಗಾಗಿ ಹಟಹಿಡಿಯುವವರಿಗಿಂತ ಊರಿನ ಆಯವ್ಯಯವನ್ನು ಓದಬಲ್ಲವರು ಹೆಚ್ಚು ಪ್ರಯೋಜನಕರು.

ಸ್ವಾಗತದ ಕಮಾನು ಎಲ್ಲರ ಕಣ್ಣಿಗೂ ಬೀಳುವುದು. ಮಣ್ಣಿನೊಳಗಿನ ಕೊಳವೆ ಯಾರಿಗೂ ಕಾಣದು. ಆದರೆ ತೆಂಗು ಬೆಳೆಯುವ ನಾವು ತಡವಾಗಿ ಬರುವ ಫಲವನ್ನು ಬಲ್ಲವರು. ಅಟ್ಟಕ್ಕೇರಿಸಿದ ಕಾಯಿ ಒಳಗಿನ ನೀರಾರಿ ಕೊಬ್ಬರಿಯಾಗಲು ಹತ್ತು ಹನ್ನೆರಡು ತಿಂಗಳು ಕಾಯುತ್ತೇವೆ. ಉಮೇದುವಾರರು ಬಾಗಿಲಿಗೆ ಬಂದಾಗ ಮೂರು ಪ್ರಶ್ನೆಗಳನ್ನು ಕೇಳೋಣ: ಮೊದಲನೆಯ ವರ್ಷದಲ್ಲಿ ಮಾಡುವ ಒಂದು ಕೆಲಸ ಯಾವುದು? ಅದಕ್ಕೆ ಹಣ ಯಾವ ಬಾಬಿನಿಂದ ಬರುವುದು? ವರ್ಷ ಕಳೆದ ಮೇಲೆ ಲೆಕ್ಕವನ್ನು ವಾರ್ಡಿನ ಜನರ ಮುಂದೆ ಓದುವಿರಾ? ಉತ್ತರವನ್ನು ಬರೆದಿಟ್ಟುಕೊಂಡು, ಮತದಾನದ ದಿನ ಒಮ್ಮೆ ನೋಡಿಕೊಂಡು ಹೊರಡೋಣ.