ಶಾಲೆ, ಬಡಾವಣೆ, ಬಾಡಿಗೆ: ಅವಳಿ ನಗರದ ಒಂದು ಲೆಕ್ಕ

ಹುಬ್ಬಳ್ಳಿ-ಧಾರವಾಡದ ಮನೆ ಬಾಡಿಗೆಯ ಜಾಹೀರಾತುಗಳಲ್ಲಿ ನೀರು, ರಸ್ತೆಗಳ ಜೊತೆಗೆ ‘ಶಾಲೆ-ಕಾಲೇಜುಗಳಿಗೆ ಸಮೀಪ’ ಎಂಬ ಮಾತು ಆಗಾಗ ಕಾಣಸಿಗುತ್ತದೆ. ಆ ಮಾತಿಗೂ ಒಂದು ಬೆಲೆಯಿದೆ. ಅದನ್ನು ತೆರುವವರು ಯಾರು, ಪಡೆಯುವವರು ಯಾರು ಎಂಬುದು ವ್ಯಾಪಾರಸ್ಥರೂ ಸಣ್ಣ ಉದ್ದಿಮೆದಾರರೂ ಪರಿಶೀಲಿಸಬೇಕಾದ ವಿಷಯವಾಗಿದೆ.

ವಿದ್ಯೆಗೂ ನಿವೇಶನಕ್ಕೂ ಇಲ್ಲಿ ಹಳೆಯ ನಂಟು. ಧಾರವಾಡದಲ್ಲಿ 1917ರಲ್ಲಿ ಕರ್ನಾಟಕ ಕಾಲೇಜು ಆರಂಭವಾಯಿತು. 1949ರಲ್ಲಿ ಸ್ಥಾಪನೆಯಾದ ಕರ್ನಾಟಕ ವಿಶ್ವವಿದ್ಯಾಲಯವೂ ಮರುವರ್ಷ ಅಲ್ಲಿಗೇ ಬಂದಿತು. ಹುಬ್ಬಳ್ಳಿಯಲ್ಲಿ 1947ರ ಬಿ.ವಿ.ಬಿ. ಇಂಜಿನಿಯರಿಂಗ್ ಕಾಲೇಜು ಇರುವ ಬಡಾವಣೆಯ ಹೆಸರೇ ವಿದ್ಯಾನಗರ. 2008ರಲ್ಲಿ ಉಚ್ಚ ನ್ಯಾಯಾಲಯದ ಪೀಠ, 2016ರಲ್ಲಿ ಐಐಟಿ ಬಂದ ಮೇಲೆ ಧಾರವಾಡಕ್ಕೆ ಹೊಸ ಆದಾಯವರ್ಗವೇ ಸೇರಿಕೊಂಡಿತು. ಸಪ್ತಾಪುರದಲ್ಲಂತೂ ಸ್ಪರ್ಧಾತ್ಮಕ ಪರೀಕ್ಷೆಗಳ ತರಬೇತಿ ಕೇಂದ್ರಗಳು, ಕೊಠಡಿಗಳು, ಖಾನಾವಳಿಗಳು ಕೂಡಿ ಪ್ರತ್ಯೇಕ ಅರ್ಥವ್ಯವಸ್ಥೆಯೇ ನಿರ್ಮಾಣವಾಗಿದೆ. ಒಂದು ಕುಟುಂಬ ಕೊಡಬಲ್ಲ ಬಾಡಿಗೆಗಿಂತ ನಾಲ್ವರು ವಿದ್ಯಾರ್ಥಿಗಳು ಕೂಡಿ ಕೊಡುವುದು ಹೆಚ್ಚಾದಾಗ, ಮನೆಯ ಮಾಲೀಕರು ಯಾರನ್ನು ಆರಿಸುತ್ತಾರೆಂದು ಹೇಳಬೇಕಾಗಿಲ್ಲ.

ಉಳ್ಳವರು ಬಂದು ನೆಲೆಸಿದಂತೆ ಹಳೆಯ ನಿವಾಸಿಗಳು ಬಾಡಿಗೆಯ ಭಾರ ತಾಳಲಾರದೆ ಹೊರವಲಯಕ್ಕೆ ಸರಿಯುವುದನ್ನು ಅರ್ಥಶಾಸ್ತ್ರಜ್ಞರು ಜೆಂಟ್ರಿಫಿಕೇಶನ್ ಎನ್ನುತ್ತಾರೆ. ಅಮೆರಿಕದಲ್ಲಿ ಸಾಮಾನ್ಯವಾಗಿ ಮನೆಯ ವಿಳಾಸವೇ ಸರ್ಕಾರಿ ಶಾಲೆಯನ್ನು ನಿರ್ಧರಿಸುತ್ತದೆ. ಬಾಸ್ಟನ್ ಉಪನಗರಗಳಲ್ಲಿ ಶಾಲಾ ಗಡಿರೇಖೆಯ ಆಚೀಚೆಯ ಮನೆಗಳನ್ನು ಹೋಲಿಸಿದ ಸಾಂಡ್ರಾ ಬ್ಲ್ಯಾಕ್ ಅವರು, ಪರೀಕ್ಷಾ ಫಲಿತಾಂಶ ಶೇ. 5ರಷ್ಟು ಉತ್ತಮವಿದ್ದಲ್ಲಿ ಪಾಲಕರು ಮನೆಗೆ ಶೇ. 2.5ರಷ್ಟು ಹೆಚ್ಚು ಕೊಡಲು ಸಿದ್ಧರೆಂದು 1999ರಲ್ಲಿ ತೋರಿಸಿದರು. ಪ್ರತಿಭಾವಂತ ಮಕ್ಕಳ ವಿಶೇಷ ತರಗತಿಗಳೂ ಅಲ್ಲಿ ವಿವಾದದ ವಸ್ತುವೇ. ನ್ಯೂಯಾರ್ಕಿನಲ್ಲಿ ನಾಲ್ಕು ವರ್ಷದ ಮಕ್ಕಳನ್ನೂ ಪರೀಕ್ಷಿಸಿ ಆರಿಸುತ್ತಿದ್ದ ವ್ಯವಸ್ಥೆಯನ್ನು ಕೈಬಿಡುವುದಾಗಿ 2021ರಲ್ಲಿ ಅಂದಿನ ಮೇಯರ್ ಪ್ರಕಟಿಸಿದರು. ಅವರ ಉತ್ತರಾಧಿಕಾರಿ 2022ರಲ್ಲಿ ಆ ತರಗತಿಗಳನ್ನು ಉಳಿಸಿಕೊಂಡು ವಿಸ್ತರಿಸಿದರು.

ನಮ್ಮಲ್ಲಿ ಹಾಗಲ್ಲ. ಉಳ್ಳ ಕುಟುಂಬವು ಬಡಾವಣೆಗೆ ಬಂದರೂ ಅದರ ಮಗು ಓಣಿಯ ಸರ್ಕಾರಿ ಶಾಲೆಗೆ ಬರುವುದು ವಿರಳ; ಖಾಸಗಿ ಶಾಲೆಯ ವಾಹನ ಮನೆಯ ಬಾಗಿಲಿಗೇ ಬರುತ್ತದೆ. ಹೀಗಾಗಿ ಬಾಡಿಗೆ ಏರಿದರೂ ಸರ್ಕಾರಿ ಶಾಲೆ ಏರುವುದಿಲ್ಲ. ಹಳೆಯ ಬಾಡಿಗೆದಾರರು ದೂರ ಸರಿದಂತೆ ಅದರ ಹಾಜರಿ ಇಳಿಯುತ್ತದೆ, ಶಿಕ್ಷಕರು ‘ಹೆಚ್ಚುವರಿ’ಯೆನಿಸಿ ಬೇರೆಡೆಗೆ ಹೋಗುತ್ತಾರೆ. ಉಳಿದುಕೊಂಡ ಬಡ ಕುಟುಂಬವು ಉತ್ತಮ ಶಾಲೆಯಿರುವ ಬಡಾವಣೆಯ ಬಾಡಿಗೆಯನ್ನು ಕೊಡುತ್ತದೆ, ಆದರೆ ಆ ಶಾಲೆಯನ್ನು ಪಡೆಯುವುದಿಲ್ಲ. ಅಮೆರಿಕದ ಪಾಲಕರು ಬೆಲೆ ಕೊಟ್ಟು ಸರಕನ್ನಾದರೂ ಪಡೆಯುತ್ತಾರೆ. ಇಲ್ಲಿ ಸರಕಿಲ್ಲದ ಬಿಲ್ಲು.

ಶಿಕ್ಷಣ ಹಕ್ಕು ಕಾಯ್ದೆಯ ಶೇ. 25ರ ಮೀಸಲು ಈ ಅಂತರವನ್ನು ಕೆಲಮಟ್ಟಿಗೆ ತುಂಬಿತ್ತು. ರಾಜ್ಯದಲ್ಲಿ 2012ರಿಂದ ಜಾರಿಯಾದ ಆ ವ್ಯವಸ್ಥೆಯಲ್ಲಿ ನಗರದ ವಾರ್ಡನ್ನೇ ನೆರೆಹೊರೆಯೆಂದು ಪರಿಗಣಿಸಿದ್ದರಿಂದ ಬಡವರಿಗೂ ವಿಳಾಸದ ಬೆಲೆ ತಿಳಿಯಿತು. ಆದರೆ ನೆರೆಹೊರೆಯಲ್ಲಿ ಸರ್ಕಾರಿ ಅಥವಾ ಅನುದಾನಿತ ಶಾಲೆಯಿದ್ದರೆ ಖಾಸಗಿ ಶಾಲೆಯ ಸೀಟು ಇಲ್ಲವೆಂದು 2018ರ ಕೊನೆಯಲ್ಲಿ ನಿಯಮಕ್ಕೆ ತಿದ್ದುಪಡಿಯಾಯಿತು. 2019ರ ಮೇ ತಿಂಗಳಲ್ಲಿ ಉಚ್ಚ ನ್ಯಾಯಾಲಯ ಅದನ್ನು ಎತ್ತಿಹಿಡಿಯಿತು. ತಿದ್ದುಪಡಿಯ ಉದ್ದೇಶ ಸರ್ಕಾರಿ ಶಾಲೆಗಳ ರಕ್ಷಣೆ. ಮಕ್ಕಳನ್ನು ಹಿಡಿದಿಟ್ಟ ಮಾತ್ರಕ್ಕೆ ಶಾಲೆ ಸುಧಾರಿಸುತ್ತದೆಯೇ ಎಂಬ ಪ್ರಶ್ನೆ ಮಾತ್ರ ಉಳಿದೇ ಇದೆ.

ಪ್ರತಿಭಾವಂತರಿಗೆ ಬೇರೆ ದಾರಿಗಳುಂಟು. ಆದರೆ ನವೋದಯ ವಿದ್ಯಾಲಯಗಳಲ್ಲಿ ಕನಿಷ್ಠ ಶೇ. 75ರಷ್ಟು ಸೀಟುಗಳು ಗ್ರಾಮೀಣ ಮಕ್ಕಳಿಗೆ ಮೀಸಲು. ನಗರದ ಬಡ ಮಗುವಿಗೆ ಉಳಿಯುವುದು ಅಲ್ಪ. ಸರ್ಕಾರಿ, ಅನುದಾನಿತ ಶಾಲೆಗಳ ಎಂಟನೆಯ ತರಗತಿಯವರಿಗಾಗಿರುವ ಎನ್‌ಎಂಎಂಎಸ್ ಪರೀಕ್ಷೆಯಲ್ಲಿ ಆಯ್ಕೆಯಾದರೆ 9ರಿಂದ 12ನೆಯ ತರಗತಿಯವರೆಗೆ ವರ್ಷಕ್ಕೆ 12,000 ರೂ., ಅಂದರೆ ತಿಂಗಳಿಗೆ 1,000 ರೂ. ದೊರೆಯುತ್ತದೆ. ಗೋಕುಲ ರಸ್ತೆಯ ಕಾರ್ಖಾನೆಯೊಂದರ ಕಾರ್ಮಿಕನ ಮನೆ ಬಾಡಿಗೆ 3,500ರಿಂದ 5,000 ರೂ.ಗೆ ಏರಿತೆಂದು ಭಾವಿಸೋಣ. ಮಗನ ಜಾಣತನದಿಂದ ಬಂದ ಸಾವಿರವೂ, ಅದರ ಮೇಲೆ ಇನ್ನೈದುನೂರೂ ಮಾಲೀಕನ ಕೈ ಸೇರಿದಂತಾಯಿತು.

ಈ ಹಣ ಎಲ್ಲಿಂದ ಬರಬೇಕು? ಒಂದೋ ಕಾರ್ಮಿಕನು ಹೆಚ್ಚು ಸಂಬಳ ಕೇಳುತ್ತಾನೆ, ಇಲ್ಲವೇ ದೂರದ ಬಡಾವಣೆಗೆ ಹೋಗಿ ತಡವಾಗಿ ಬರುತ್ತಾನೆ, ಇಲ್ಲವೇ ಕೆಲಸ ಬಿಡುತ್ತಾನೆ. ಮೂರೂ ಉದ್ದಿಮೆಯ ಖರ್ಚಿನ ಬಾಬತ್ತುಗಳೇ. ವ್ಯಾಪಾರಸ್ಥರಲ್ಲಿ ಹಲವರು ಸ್ವತಃ ಮನೆಗಳನ್ನು ಬಾಡಿಗೆಗೆ ಕೊಟ್ಟವರು. ಒಂದು ಪುಸ್ತಕದಲ್ಲಿ ಜಮೆಯಾದದ್ದು ಇನ್ನೊಂದರಲ್ಲಿ ಖರ್ಚಾಗುತ್ತಿದೆ.

ಕಂಪನಿ ಕಾಯ್ದೆಯ ಸಾಮಾಜಿಕ ಹೊಣೆಗಾರಿಕೆಯ ನಿಯಮ ಬಹುಪಾಲು ಸಣ್ಣ ಘಟಕಗಳಿಗೆ ಅನ್ವಯಿಸುವುದಿಲ್ಲ. ಆದರೆ ಶಿಕ್ಷಣ ಹಕ್ಕು ಕಾಯ್ದೆಯ 21ನೆಯ ಕಲಮಿನಂತೆ ಸರ್ಕಾರಿ ಶಾಲೆಯ ಆಡಳಿತ ಸಮಿತಿಯಲ್ಲಿ ಕನಿಷ್ಠ ಮುಕ್ಕಾಲು ಪಾಲು ಪಾಲಕರೇ ಇರಬೇಕು, ಸದಸ್ಯರಲ್ಲಿ ಅರ್ಧದಷ್ಟು ಮಹಿಳೆಯರಿರಬೇಕು. ಮಗುವನ್ನು ಖಾಸಗಿ ಶಾಲೆಗೆ ಕಳುಹಿಸುವ ಮಾಲೀಕನಿಗೆ ಅಲ್ಲಿ ಪಾಲಕನಾಗಿ ಸ್ಥಾನವಿಲ್ಲ. ಅವನ ಪ್ಯಾಕಿಂಗ್ ವಿಭಾಗದಲ್ಲಿ ದುಡಿಯುವ ತಾಯಿಗೆ ಇದೆ. ಸಭೆ ಕೆಲಸದ ದಿನವೇ ನಡೆದರೆ, ಆಕೆಗೆ ಬೇಕಾದದ್ದು ಸಂಬಳ ಕಡಿತವಿಲ್ಲದ ಅರ್ಧ ದಿನದ ರಜೆ.