ವಾಲ್ವು ಧ್ವನಿವರ್ಧಕದ ರೋಗವೂ ಚಿಕಿತ್ಸೆಯೂ

ಸಿರುಗುಪ್ಪ ಸೀಮೆಯ ರಾರಾವಿಯಲ್ಲಿ ಹಳೆಯ ವಾಲ್ವು ಧ್ವನಿವರ್ಧಕವೊಂದನ್ನು ಬಿಚ್ಚಿ ನೋಡುವ ಸಂದರ್ಭ ನಮಗೊಮ್ಮೆ ಒದಗಿತು. ಬಯಲಾಟಕ್ಕೂ ಮದುವೆಗೂ ದುಡಿದು ಮೂಲೆ ಸೇರಿದ್ದ ಯಂತ್ರವದು. ಹೊತ್ತಿಸಿದ ಐದೇ ನಿಮಿಷಕ್ಕೆ ಅದರ ಔಟ್‌ಪುಟ್ ವಾಲ್ವುಗಳಲ್ಲೊಂದರ ಪ್ಲೇಟು ಕುಲುಮೆಯ ಕಬ್ಬಿಣದಂತೆ ಕೆಂಪೇರುತ್ತಿದ್ದಿತು. “ವಾಲ್ವ ಕೆಟ್ಟೈತ್ರಿ ಸರ, ಹೊಸಾದು ಹಾಕಿದ್ರ ಮುಗೀತು” ಎಂದರು ಯಜಮಾನರು. ಹೊಸದನ್ನು ಅವರು ಆಗಲೇ ಎರಡು ಸಲ ಹಾಕಿದ್ದರು. ಎರಡೂ ಹಾಗೆಯೇ ಕೆಂಪೇರಿ ಕೆಟ್ಟಿದ್ದುವು.

ವಾಲ್ವೆಂದರೆ ಗಾಳಿ ತೆಗೆದ ಗಾಜಿನ ಬುರುಡೆ. ಅದರಲ್ಲಿ ಕಾದ ಕ್ಯಾಥೋಡಿನಿಂದ ಹೊರಟ ಎಲೆಕ್ಟ್ರಾನುಗಳು, 300-400 ವೋಲ್ಟಿನ ಧನವಿದ್ಯುತ್ತುಳ್ಳ ಪ್ಲೇಟಿನ ಕಡೆಗೆ ಧಾವಿಸುವುವು. ನಡುವಿನ ಗ್ರಿಡ್ ಎಂಬ ತಂತಿಯ ಜಾಲರಿಯು ತುಂಗಭದ್ರಾ ಕಾಲುವೆಯ ತೂಬಿನಂತೆ. ಅದು ಕ್ಯಾಥೋಡಿಗಿಂತ ಋಣವಾಗಿರುವಷ್ಟು ಕಾಲ ಪ್ರವಾಹವು ಹಿಡಿತದಲ್ಲಿರುವುದು. ಹಿಂದಿನ ಹಂತದಿಂದ ಧ್ವನಿಯನ್ನು ಮಾತ್ರ ಈ ಗ್ರಿಡ್ಡಿಗೆ ದಾಟಿಸಿ, ಅಲ್ಲಿಯ ಹೆಚ್ಚಿನ ವೋಲ್ಟನ್ನು ತಡೆಯುವ ಕೆಲಸ ಒಂದು ಸಣ್ಣ ಕಂಡೆನ್ಸರಿನದು. ಹಳೆಯ ಕಾಗದದ ಕಂಡೆನ್ಸರು ತೇವ ಹೀರಿ ಸೋರತೊಡಗಿದರೆ ಗ್ರಿಡ್ಡಿನ ಋಣತ್ವ ಕುಗ್ಗುವುದು, ತೂಬು ತೆರೆದುಕೊಳ್ಳುವುದು, ಪ್ಲೇಟು ಕೆಂಪೇರುವುದು. ರಾರಾವಿಯಲ್ಲಿ ಆದುದು ಇದೇ. ಆ ವಾಲ್ವನ್ನು ಕಿತ್ತು, ಯಂತ್ರವನ್ನು ಹೊತ್ತಿಸಿ ಗ್ರಿಡ್ಡಿನ ಕಾಲನ್ನು ಅಳೆದೆವು. ಸೊನ್ನೆಯಿರಬೇಕಾದಲ್ಲಿ ಮೀಟರು 18 ವೋಲ್ಟು ತೋರಿಸಿತು. ಕೆಲವೇ ರೂಪಾಯಿಯ ಕಂಡೆನ್ಸರು ಮೂರು ವಾಲ್ವುಗಳನ್ನು ನುಂಗಿದ್ದಿತು!

ಈ ನಷ್ಟ ಸಣ್ಣದಲ್ಲ. ಬೆಂಗಳೂರಿನ ಭಾರತ್ ಎಲೆಕ್ಟ್ರಾನಿಕ್ಸ್ ಸಂಸ್ಥೆಯು 1961ರಲ್ಲಿ ವಾಲ್ವುಗಳನ್ನು ತಯಾರಿಸಲಾರಂಭಿಸಿದಾಗ ಅವು ದೇಶದಲ್ಲೇ ದೊರೆಯತೊಡಗಿದುವು. ಅಂಥವು ಈಗ ಹಳೆಯ ದಾಸ್ತಾನಿನಲ್ಲಿ ಸಿಕ್ಕರೆ ಸಿಕ್ಕಾವು. 1935ರಲ್ಲಿ ಮೈಸೂರಿನಲ್ಲಿ ಡಾ. ಎಂ. ವಿ. ಗೋಪಾಲಸ್ವಾಮಿಯವರು ತಮ್ಮ ಮನೆಯಲ್ಲೇ ಆರಂಭಿಸಿದ ಆಕಾಶವಾಣಿಯೂ ವಾಲ್ವುಗಳ ಬಲದಿಂದಲೇ ಮಾತನಾಡಿತೆಂಬುದನ್ನು ನೆನೆದರೆ, ಈ ಗಾಜಿನ ಬುರುಡೆಗಳಲ್ಲಿ ನಮಗೆ ತುಸು ಮಮತೆ ಇರುವುದು ಸಹಜವೇ.

ಮೊದಲೇ ಹೇಳಬೇಕಾದ ಮಾತೊಂದು ಹಿಂದೆ ಬಿದ್ದಿತು. ಸ್ವಿಚ್ಚನ್ನು ಆರಿಸಿ ಪ್ಲಗ್ಗನ್ನು ಕಿತ್ತರೂ ಯಂತ್ರ ನಿರಪಾಯವಾಗದು. ಫಿಲ್ಟರ್ ಕಂಡೆನ್ಸರುಗಳಲ್ಲಿ ಪ್ರಾಣ ತೆಗೆಯುವಷ್ಟು ವಿದ್ಯುತ್ತು ಉಳಿದಿರಬಹುದು. ಹಿಡಿ ಭದ್ರವಾದ ಕಡ್ಡಿಯ ತುದಿಗೆ ಕೆಲವು ಸಾವಿರ ಓಮಿನ ದೊಡ್ಡ ರೆಸಿಸ್ಟರನ್ನು ಕಟ್ಟಿ ಅದರ ಮೂಲಕ ಅದನ್ನು ಬರಿದುಮಾಡತಕ್ಕದ್ದು. ಬರಿದಾಯಿತೆಂದು ಮೀಟರು ಹೇಳಿದ ಮೇಲೆಯೇ ಕೈಯಿಡತಕ್ಕದ್ದು. ಉರಿಯುವ ಯಂತ್ರವನ್ನು ಅಳೆಯುವುದು ಅನುಭವಿಗಳ ಕೆಲಸ. ಅವರೂ ಒಂದು ಕೈಯನ್ನು ಜೇಬಿನಲ್ಲಿಟ್ಟಿರುವರು, ಪ್ರವಾಹವು ಎದೆಯನ್ನು ಹಾಯಬಾರದೆಂದು.

ಉಳಿದ ಲಕ್ಷಣಗಳನ್ನು ಕಿವಿಯೇ ಹೇಳುವುದು. ದೊಡ್ಡ ಗುಂಯ್‌ಕಾರವಿದ್ದರೆ ಹೆಚ್ಚಾಗಿ ಫಿಲ್ಟರ್ ಕಂಡೆನ್ಸರು ಒಣಗಿದೆ. ಬೇಸಿಗೆಯಲ್ಲಿ 40 ಡಿಗ್ರಿ ದಾಟುವ ಬಳ್ಳಾರಿ ಸೀಮೆಯ ಸೆಕೆ ಅದಕ್ಕೆ ಶತ್ರು. ಚರಪರ ಸದ್ದು ವಾಲ್ವಿನ ಕಾಲುಗಳಲ್ಲಿಯೋ ವಾಲ್ಯೂಮಿನ ಗುಂಡಿಯಲ್ಲಿಯೋ ಸೇರಿದ ಎರೆಮಣ್ಣಿನ ಧೂಳಿನಿಂದ ಬಂದೀತು, ಶುಚಿಮಾಡಿದರೆ ಸಾಕಾದೀತು. ಔಟ್‌ಪುಟ್ ವಾಲ್ವಿನ ಗಾಜಿನಲ್ಲಿ ನೀಲಿ ಕಾಂತಿ ಕಂಡು ಹೆದರಬೇಕಾಗಿಲ್ಲ. ಆದರೆ ಗಾಜಿನ ಒಳಮೈಯ ಬೆಳ್ಳಿಯ ಲೇಪ ಹಾಲಿನಂತೆ ಬಿಳಿದಾದರೆ, ಗಾಳಿ ಹೊಕ್ಕು ವಾಲ್ವು ಸತ್ತಿದೆಯೆಂದು ತಿಳಿಯತಕ್ಕದ್ದು.

ಬಹುಕಾಲ ಸುಮ್ಮನಿದ್ದ ಯಂತ್ರಕ್ಕೆ ಒಮ್ಮೆಲೇ 230 ವೋಲ್ಟು ಕೊಡದೆ, ತಂತಿಯ ಬಲ್ಬೊಂದನ್ನು ಸರಣಿಯಲ್ಲಿ ಸೇರಿಸಿ ಹೊತ್ತಿಸುವುದು ಲೇಸು. ಬಲ್ಬು ಪ್ರಖರವಾಗಿಯೇ ಉರಿಯುತ್ತಿದ್ದರೆ ಒಳಗೆಲ್ಲಿಯೋ ಶಾರ್ಟು ಇದೆ. ಫ್ಯೂಸು ಹೋದಾಗ ದಪ್ಪ ತಂತಿ ಸುತ್ತುವುದಂತೂ ಮನೆಗೇ ಕೊಳ್ಳಿಯಿಟ್ಟಂತೆ.

ರಾರಾವಿಯ ಯಂತ್ರಕ್ಕೆ ಹೊಸ ಕಂಡೆನ್ಸರು ಬೆಸೆದು, ಒಂದು ಗಂಟೆ ಕಾದು ನೋಡಿದೆವು. ಪ್ಲೇಟು ಕಪ್ಪಾಗಿಯೇ ಉಳಿಯಿತು. ಯಜಮಾನರು ಹಿಗ್ಗಿ, ಹಾಡು ಹಚ್ಚಿದ್ದಂತೆಯೇ ಹಾರ್ನಿನ ತಂತಿಯನ್ನು ಕೀಳಹೋದರು. ನಾವು ಕೈ ಹಿಡಿದು ತಡೆದೆವು. ಹಾರ್ನಿಲ್ಲದೆ ಹಾಡಿಸಿದರೆ ಔಟ್‌ಪುಟ್ ಟ್ರಾನ್ಸ್‌ಫಾರ್ಮರು ಸುಟ್ಟೀತು, ಅದರ ಬೆಲೆ ವಾಲ್ವಿಗಿಂತ ಹೆಚ್ಚು.